ತುಕ್ಕು ಹಿಡಿಯದ ಸೂಜಿ

ಹಳೆ ಬಟ್ಟೆ ಸುಳ್ಳು ಹೇಳುವುದಿಲ್ಲ, ಹೊದ್ದವರು ಹೇಳಿಯಾರು ಎನ್ನುತ್ತಿದ್ದಳು ದಾರದಮ್ಮ. ಎಪ್ಪತ್ತು ದಾಟಿದ ಆಕೆಯ ಅಸಲು ಹೆಸರು ಬೀದಿಯವರಿಗೆ ಮರೆತೇ ಹೋಗಿತ್ತು. ದರ್ಜಿ ಅಂಗಡಿಯ ಮೇಲೊಂದು ಕೋಣೆ, ಕಿಟಕಿಗೆ ಒತ್ತಿಸಿದ ಉದ್ದನೆಯ ಮೇಜು, ಒಂದು ಭೂತಗನ್ನಡಿ. ಹಳೆ ಕೌದಿಯೋ ಶಾಲೋ ಏನು ತಂದರೂ ಅದು ಎಷ್ಟು ವರ್ಷದ್ದು, ಎಂಥ ಕೈಯದ್ದು ಎಂದು ಹೇಳುವುದು ಆಕೆಯ ಕಸುಬು. ಕೂರುವ ಮುಂಚೆ ಕಣ್ಣು ಮುಚ್ಚಿ ದೇವರನ್ನು ನೆನೆಯುವಳು. "ಸತ್ತೋರ ಕೈ ಮುಟ್ತೀನಿ, ಅಪ್ಪಣೆ ಬೇಡವಾ?" ಎನ್ನುವಳು. ಆಕೆಗೊಂದು ಪಣವಿತ್ತು: ಹಳೆ ಬಟ್ಟೆಗೆ ಹೊಸ ಹೊಲಿಗೆ ಹಾಕಬಾರದು.

ಅಂದು ಬೆಳಗ್ಗೆ ಕೌದಿ ಹೊತ್ತು ಮೆಟ್ಟಿಲೇರಿ ಬಂದವನು ಬೀದಿ ಮೂಲೆಯ ಗಡಿಯಾರ ರಿಪೇರಿಯವನು, ಐವತ್ತೆರಡರ ಮನುಷ್ಯ.

"ಊರಿಗೆಲ್ಲ ಹೊತ್ತು ಹೇಳೋನು ನೀನು. ನಿನ್ನ ಕೌದಿ ಹೊತ್ತು ಗೊತ್ತಿಲ್ವಾ?"

ಅವನು ನಗಲಿಲ್ಲ. "ಇದು ನನ್ನ ಹೆತ್ತಮ್ಮ ಹೊಲಿದಿದ್ದು ಅಂತ ದೊಡ್ಡಮ್ಮ ಹೇಳ್ತಿದ್ಲು. ನನ್ನ ಹೆತ್ತ ಮೂರನೇ ದಿನಕ್ಕೆ ಅಮ್ಮ ಹೋದ್ಲು. ಸಾಕಿದ ದೊಡ್ಡಮ್ಮನೂ ಹೋದ ತಿಂಗಳು ಹೋದ್ಲು. ಈಗ ಮಗಳಿಗೆ ದಿನ ತುಂಬಿದೆ. ಹುಟ್ಟೋ ಕೂಸನ್ನ ಇದರ ಮೇಲೆ ಮಲಗಿಸೋ ಆಸೆ. ಆದ್ರೆ ನನ್ನ ಹೆಂಡ್ತಿ, 'ಈ ದಾರ ಅಷ್ಟು ಹಳೇದಲ್ಲ ಕಣ್ರೀ' ಅಂದುಬಿಟ್ಲು. ಸುಳ್ಳಾಗಿದ್ರೆ ಇದನ್ನ ಮನೆಗೆ ಒಯ್ಯಲ್ಲಮ್ಮ. ಕೂಸಿನ ಕೆಳಗೆ ಸುಳ್ಳು ಹಾಸೋದು ಹೇಗೆ?"

"ನಿನ್ನ ಕೈಗೆ ಯಾವಾಗ ಬಂತು?"

"ಹತ್ತನೇ ವರ್ಷಕ್ಕೆ. ಜ್ವರ ಬಂದಾಗ ಪೆಟ್ಟಿಗೆಯಿಂದ ತೆಗೆದು ಹೊದಿಸಿದ್ಲು." ಅವನು ಕೌದಿಯ ನಡುಭಾಗ ತೋರಿಸಿದ. "ನಡುವೆ ಏನೋ ಎದೆಗೆ ಒತ್ತುತ್ತೆ. 'ನಿಮ್ಮಮ್ಮನ ಬೆರಳು ಕಣೋ, ಜ್ವರ ಇಳೀತಾ ನೋಡ್ತಿದ್ದಾಳೆ' ಅನ್ನೋಳು. ಕೆಲವು ಸಲ ಅದು ತಾನಾಗೇ ಆಡೋದು."

ದಾರದಮ್ಮ ಅಲ್ಲಿ ಕೈಯಿಟ್ಟಳು. ಬಿಸಿಲಲ್ಲಿ ಬಂದ ಬಟ್ಟೆ ಬೆಚ್ಚಗಿತ್ತು. ಬೆರಳಗಲದ ಆ ಜಾಗವಷ್ಟೇ ತಣ್ಣಗಿತ್ತು.

ಅಂಚಿನಿಂದ ಒಂದೆಳೆ ದಾರ ಕಿತ್ತು ದೀಪದ ಉರಿಗೆ ಹಿಡಿದಳು. ಹತ್ತಿಯಾಗಿದ್ದರೆ ಬೂದಿಯಾಗಬೇಕಿತ್ತು, ಈಚಿನ ನೈಲಾನಿನ ಹಾಗೆ ಕರಗಿ ಕಪ್ಪು ಮಣಿಯಾಯಿತು. ಒಂದು ತೇಪೆ ಬಿಚ್ಚಿದಳು. ಅದರಡಿಯಲ್ಲಿ ಇಂಕಿನ ಕಲೆಯಿದ್ದ ನೀಲಿ ಚೌಕಳಿ ಬಟ್ಟೆ.

ಗಡಿಯಾರದವನು ಆ ಕಲೆಯ ಮೇಲೆ ಬಾಗಿದ. "ಇದು ನನ್ನ ನಾಲ್ಕನೇ ಕ್ಲಾಸಿನ ಅಂಗಿ."

"ಕೌದಿಯೊಳಗೆ ಎಲ್ಲಕ್ಕಿಂತ ಎಳೇ ಬಟ್ಟೆ ಯಾವುದೋ, ಅದೇ ಕೌದಿ ವಯಸ್ಸು," ಎಂದಳು ದಾರದಮ್ಮ. "ಇದನ್ನ ಹೊಲಿದಿದ್ದು ನಿಮ್ಮಮ್ಮ ಅಲ್ಲಪ್ಪ."

"ಅಂದ್ರೆ ನಲವತ್ತೆರಡು ವರ್ಷ ನನ್ನ ಮಂಗ ಮಾಡಿದ್ಲು." ಅವನು ಕೌದಿ ಮಡಿಚತೊಡಗಿದ.

"ಕೂತ್ಕೋ. ವಯಸ್ಸು ನೋಡಿದೆ, ಕೈ ಇನ್ನೂ ನೋಡಿಲ್ಲ. ನಿಮ್ಮ ದೊಡ್ಡಮ್ಮ ಎಡಚಿನಾ?"

"ಅಲ್ಲ. ಅಮ್ಮ ಎಡಚಿಯಂತೆ. ನಾನೂ ಎಡಚ."

"ಇಲ್ಲಿ ಸಾಲೆಲ್ಲ ಎಡದಿಂದ ಬಲಕ್ಕೆ ಹೋಗಿದೆ, ಎಡಚರ ಹಾಗೆ. ಆದ್ರೆ ಮೊದಲನೇ ಸಾಲು ನೋಡು, ಕೋಳಿ ಕೆದರಿದ ಹಾಗಿದೆ. ಕೊನೇದು ಮುತ್ತು ಪೋಣಿಸಿದ ಹಾಗೆ. ಬಲಗೈಯವಳು ಎಡಗೈಯಲ್ಲಿ ಹೊಲಿಯೋಕೆ ಕಲಿತಿದ್ದಾಳೆ. ಯಾರ ಸಾಲು ಹಿಡಿದು ಹೋದಳೋ ನೋಡೋಣ."

ಒಂದು ಬದಿ ಬಿಚ್ಚಿದಳು. ನಲವತ್ತೆರಡು ವರ್ಷ ಯಾರೂ ಮುಟ್ಟದ ಹೊಲಿಗೆ. ಒಳಗೆ ಮೊಳದುದ್ದದ ಇನ್ನೊಂದು ಕೌದಿ ಮಲಗಿತ್ತು, ಎಳೆಗೂಸಿನ ಅಳತೆಯದು. ದಾರವೂ ಹತ್ತಿ, ಬಟ್ಟೆಯೂ ಹತ್ತಿ; ಎಡಗೈಯ ಪಳಗಿದ ಸಾಲುಗಳು. ಕೊನೆಯ ಸಾಲು ಮಾತ್ರ ಗೇಣು ಮುಂಚೆಯೇ ನಿಂತಿತ್ತು. ನಿಂತಲ್ಲಿ ಸೂಜಿ, ಕಣ್ಣಿನಲ್ಲಿ ದಾರ.

ಆ ಸೂಜಿ ಥಳಥಳ ಹೊಳೆಯುತ್ತಿತ್ತು.

ಬಟ್ಟೆಯೊಳಗೆ ಸುಮ್ಮನೆ ಬಿಟ್ಟ ಸೂಜಿಗೆ ಎರಡು ಮಳೆಗಾಲ ಸಾಕು, ತುಕ್ಕು ತಿಂದುಬಿಡುತ್ತದೆ. ದಾರದಮ್ಮ ಭೂತಗನ್ನಡಿ ಕೆಳಗಿಟ್ಟಳು. ಕೆಳಗೆ ದರ್ಜಿಯ ಮಿಷನ್ನಿನ ಸದ್ದೂ ನಿಂತಿತ್ತು.

"ಏನಮ್ಮ?" ಎಂದ ಅವನು.

"ಕೈಯಾಡೋ ಸೂಜಿ ಮಾತ್ರ ಹೀಗಿರುತ್ತೆ ಕಣಪ್ಪ." ಆಕೆ ದೇವರನ್ನು ನೆನೆದಳು. ಆಮೇಲೆ ಆ ದಾರಕ್ಕೆ ಮೇಣ ಸವರಿ, "ಮುಗಿಸು," ಎಂದಳು.

"ನಿಮ್ಮ ಪಣ?"

"ಅದೇ ದಾರ, ಅದೇ ಸೂಜಿ. ಕೈಯೂ ಆ ಕೈಯಿಂದಲೇ ಬಂದಿದ್ದು. ಹೊಸದೇನಿದೆ ಇದರಲ್ಲಿ?"

ಗಡಿಯಾರದ ಮುಳ್ಳು ಹಿಡಿದು ಪಳಗಿದ ಎಡಗೈ ಹನ್ನೊಂದು ಹೊಲಿಗೆ ಹಾಕಿತು. ಕೊನೆಯ ಗಂಟು ಹಾಕುವುದು ಅವನಿಗೆ ಗೊತ್ತಿರಲಿಲ್ಲ. ಹೇಳಿಕೊಡಲು ದಾರದಮ್ಮ ಬಾಯಿ ತೆರೆಯುವಷ್ಟರಲ್ಲಿ ಗಂಟು ಬಿದ್ದಿತ್ತು, ಉಳಿದ ಗಂಟುಗಳ ಹಾಗೆಯೇ.

"ಯಾರು ಕಲಿಸಿದ್ರು?"

ಅವನು ತನ್ನ ಕೈಯನ್ನೇ ನೋಡುತ್ತಿದ್ದ.

ಕೂಸಿಗೆ ಚುಚ್ಚೀತೆಂದು ದಾರದಮ್ಮ ಸೂಜಿಯನ್ನು ತೆಗೆದು, ಅರಳೆ ಹಾಸಿದ ಡಬ್ಬಿಯಲ್ಲಿಟ್ಟು ಮುಚ್ಚಿದಳು. ಕೌದಿಯ ಬದಿಯನ್ನು ದೊಡ್ಡಮ್ಮನ ಹಳೆ ತೂತುಗಳಲ್ಲೇ ದಾರ ಹಾಯಿಸಿ ಕೂಡಿಸಿದಳು. ಪಣ ಅಷ್ಟು ಸಡಿಲವಾಯಿತು.

ಕೌದಿ ಅಲ್ಲೇ ಬಿಟ್ಟು ಹೋದವನು ನಾಲ್ಕನೆಯ ದಿನ ಬಂದ. ಹೆಣ್ಣು ಕೂಸು ಹುಟ್ಟಿತ್ತು. ದಾರದಮ್ಮ ಚೀಟಿ ಬರೆದಿಟ್ಟಿದ್ದಳು: ಒಳಗಿನದು ಐವತ್ತೆರಡು ವರ್ಷ, ಹೊರಗಿನದು ನಲವತ್ತೆರಡು.

"ಹಾಗಾದ್ರೆ ದೊಡ್ಡಮ್ಮ ಹೇಳಿದ್ದು?"

"ಸುಳ್ಳನ್ನ ಹೊರಗೆ ಹೊಲಿದು ನಿಜಾನ ಒಳಗೆ ಬೆಚ್ಚಗಿಟ್ಟಿದ್ಲು. ಒಯ್ತೀಯೋ ಬಿಡ್ತೀಯೋ, ನಿನಗೆ ಬಿಟ್ಟಿದ್ದು."

ಸೂಜಿ ಕೊಡೋಣವೆಂದು ಆಕೆ ಡಬ್ಬಿ ತೆಗೆದಳು. ಒಣ ಅರಳೆಯ ಮೇಲೆ ಕೆಂಪು ಗೆರೆಯೊಂದಿತ್ತು. ಮುಟ್ಟಿದರೆ ಪುಡಿ. ಸೂಜಿ ಪೂರಾ ತುಕ್ಕಾಗಿತ್ತು.

ಅವನು ಬೆಚ್ಚಲಿಲ್ಲ. ಕೌದಿಯ ನಡುವೆ ಅಂಗೈ ಆಡಿಸಿದ. ಎಲ್ಲ ಕಡೆಯೂ ಒಂದೇ ಸಮ ಬೆಚ್ಚಗಿತ್ತು. ಕೂಸನ್ನು ಎತ್ತಿಕೊಳ್ಳುವ ಹಾಗೆ ಕೌದಿಯನ್ನು ಎದೆಗವಚಿಕೊಂಡ.

"ಇನ್ನು ಮಲಗ್ಲಿ," ಎಂದ.

ಯಾರು ಎಂದು ದಾರದಮ್ಮ ಕೇಳಲಿಲ್ಲ.