ಮೀಟಿಂಗಿಗೆ ಕಳಿಸಿದ ಗಂಡ

ಗಂಡ ನಂಜಯ್ಯನೇ ಮುಂದಾಗಿ, "ಹೆಂಗಸ್ರ ಮೀಟಿಂಗ್‌ಗೆ ಓಗ್ಬಾ ಕಣಮ್ಮಿ, ಹಸಾ ನಾನ್ ಕಟ್ತೀನಿ" ಎಂದಾಗಲೇ ಪುಟ್ಟಮಾದಮ್ಮನಿಗೆ ಅನುಮಾನ ಹುಟ್ಟಿತ್ತು. ತವರಿಗೆ ಕಳಿಸುವುದಕ್ಕೂ ಸತಾಯಿಸುವ ಗಂಡಸು ಅವನು.

ಹಂಗಳದಾಚೆಯ ಅವರ ಊರಿನ ಶಾಲೆಯಲ್ಲಿ, ಚಾಮರಾಜನಗರದಿಂದ ಬಂದ ತೇಜಸ್ವಿನಿ ಮಾತಾಡುತ್ತಿದ್ದಳು. ಓದಿಗೆ, ಓಟಿಗೆ, ಸಮನಾದ ಕೂಲಿಗೆ ಹಿಂದಿನ ಹೆಂಗಸರು ಹೇಗೆ ಬಡಿದಾಡಿದರೆಂದು ಹೇಳುತ್ತಿದ್ದಳು. ಪುಟ್ಟಮಾದಮ್ಮ ಮೊದಲು ಅವಳನ್ನೇ ಅನುಮಾನಿಸಿದಳು. ಬಿಟ್ಟಿ ಬರುವವರು ಯಾರು? ಯಾವ ಪಾರ್ಟಿಯವಳೋ?

"ನಮ್ಮ ಬಾಳಿನ ತೀರ್ಮಾನ ಆಗೋ ಜಾಗದಲ್ಲಿ ನಾವೂ ಕೂತಿರಬೇಕು. ಆ ಹಿಂದಿನ ಹೆಂಗಸರು ಕೇಳಿದ್ದು ಇಷ್ಟೇ," ಎಂದಳು ತೇಜಸ್ವಿನಿ.

ಪುಟ್ಟಮಾದಮ್ಮ ಸುತ್ತ ನೋಡಿದಳು. ಹೋದ ವರ್ಷ ಪೊರಕೆ ಹಿಡಿದು ಸಾರಾಯಿ ಅಂಗಡಿ ಎಬ್ಬಿಸಿದ್ದ ಹೆಂಗಸರೆಲ್ಲ ಇಲ್ಲೇ ಇದ್ದರು. ಊರು ಒಪ್ಪಿದರೆ ಅಂಗಡಿ ಮತ್ತೆ ಬರುತ್ತದೆಂದು ಗುಲ್ಲಿತ್ತು.

"ಅವ್ವಾ, ನಿಮ್ಮನ್ನ ಇವತ್ತೇ ಬರಕ್ ಹೇಳಿದ್ಯಾರು?" ಎಂದು ತೇಜಸ್ವಿನಿಯನ್ನು ಕೇಳಿದಳು.

"ನಿಮ್ಮೂರ ಯಜಮಾನರೇ. ಕಾರೂ ಕಳಿಸಿದ್ರು, ಪಾಪ."

ಪುಟ್ಟಮಾದಮ್ಮ ಹೆಂಗಸರ ಕಡೆ ತಿರುಗಿದಳು. "ನಿಮ್ ಗಂಡಂದಿರೂ ಹಸಾ ಕಟ್ತೀನಿ ಅಂದ್ರಾ?"

"ಅಂದ ಕಣಕ್ಕ," ಎಂದಳು ಪಕ್ಕದ ಮನೆಯ ಚಾಮುಂಡಿ. "ನಮ್ಮನೇಲಿ ಹಸಾನೇ ಇಲ್ಲ!"

ನಕ್ಕವರು ಅರ್ಧಕ್ಕೇ ಊರ ಚಾವಡಿಯ ಕಡೆ ನೋಡಿದರು. ಎಲ್ಲರೂ ಎದ್ದರು. ತೇಜಸ್ವಿನಿಯೂ ಚಪ್ಪಲಿ ಹುಡುಕಿದಳು.

ಚಾವಡಿಯಲ್ಲಿ ಗಂಡಸರು ಅಂಗಡಿಗೆ ಒಪ್ಪಿಗೆಯೆಂದು ಕೈ ಎತ್ತಿ ಕೂತಿದ್ದರು. ನಂಜಯ್ಯನ ಕೈ ಎಲ್ಲರಿಗಿಂತ ಮೇಲಿತ್ತು. ಹೆಂಡತಿಯನ್ನು ಕಂಡು ಮೆಲ್ಲಗೆ ಇಳಿಯಿತು. ಹೆಂಗಸರು ಎಂದೂ ಹತ್ತದ ಚಾವಡಿಯ ಜಗಲಿಯನ್ನು ಹತ್ತಿ ಪುಟ್ಟಮಾದಮ್ಮ ಅವನ ಪಕ್ಕದಲ್ಲೇ ಕೂತಳು. ಹಿಂದೆಯೇ ಉಳಿದವರೂ ಬಂದು ಕೂತರು.

"ಈಗ ಇನ್ನೊಂದ್ ಸಲ ಕೈ ಎತ್ತಿಸಿ, ಯಜಮಾನ್ರೇ," ಎಂದಳು.