ಅಂಜನಮ್ಮ ಕಾಶಿಯಲ್ಲಿ ಬಿಟ್ಟದ್ದು

ಕಾಶಿಗೆ ಹೋಗಿ ಬಂದವರನ್ನು ಜರಗನಹಳ್ಳಿಯಲ್ಲಿ ಯಾರೂ ‘ದರ್ಶನ ಚೆನ್ನಾಗಾಯ್ತಾ’ ಎಂದು ಕೇಳುವುದಿಲ್ಲ. ‘ಏನ್ ಬಿಟ್ ಬಂದ್ರಿ?’ ಎಂದೇ ಕೇಳುತ್ತಾರೆ. ಇಷ್ಟವಾದ ಒಂದು ಹಣ್ಣನ್ನೋ ತರಕಾರಿಯನ್ನೋ ಗಂಗೆಯ ದಡದಲ್ಲಿ ಬಿಟ್ಟರೆ ಮತ್ತೆ ಸಾಯುವ ತನಕ ಅದನ್ನು ಮುಟ್ಟುವಂತಿಲ್ಲ. ಈ ನಿಯಮ ಪಾಲಿಸುವುದರಲ್ಲಿ ಊರಿನವರು ಬಲು ಜಾಣರು. ಬೈರಣ್ಣ ಬಿಟ್ಟದ್ದು ಹಾಗಲಕಾಯಿ. ಹುಟ್ಟಿದಾಗಿನಿಂದ ಅದನ್ನು ಬಾಯಿಗಿಟ್ಟವನಲ್ಲ. ಕೆಂಪಕ್ಕ ಬಿಟ್ಟದ್ದು ಸೇಬು; ಅವಳು ಸೇಬು ಕಂಡದ್ದೇ ಒಮ್ಮೆ, ಆಸ್ಪತ್ರೆಯಲ್ಲಿ, ಪಕ್ಕದ ಮಂಚದವರ ದಿಂಬಿನ ಹತ್ತಿರ.

ಅಂಜನಮ್ಮ ಹಾಗೆ ಮೋಸ ಮಾಡಲಿಲ್ಲ. ಮೋಸ ಮಾಡಿದ್ದು ನಾನು.

ಅದು ೧೯೭೮. ನಾನು, ಸೇತುರಾಮ, ಗಂಗಾಧರಯ್ಯನ ವಠಾರದಲ್ಲಿ ಬಾಡಿಗೆಗಿದ್ದೆ. ಇತಿಹಾಸದಲ್ಲಿ ಎಂ.ಎ. ಮಾಡಿ, ಮೂರು ವರ್ಷ ಜಬಲ್ಪುರದಲ್ಲಿ ಗುಮಾಸ್ತನಾಗಿ ಹಿಂದಿ ಕಲಿತು ಬಂದವನು. ಇನ್ನೊಂದು ವಿದ್ಯೆಯೂ ಇತ್ತು: ದನಿ ಕದಿಯುವುದು. ಬಸ್ ಕಂಡಕ್ಟರು, ರೇಡಿಯೋ ವಾರ್ತೆಯವರು, ರೇಷನ್ ಅಂಗಡಿಯವನು, ಸಂಜೆ ಜಗಲಿಯಲ್ಲಿ ಯಾರು ಬೇಕೋ ಅವರನ್ನು ಕರೆಸುತ್ತಿದ್ದೆ. ಎಲ್ಲಕ್ಕಿಂತ ಬೇಡಿಕೆ ಇದ್ದದ್ದು ಗಂಗಾಧರಯ್ಯನ ಅಕ್ಕ ಅಂಜನಮ್ಮನಿಗೆ. ನಾನು ಕಂಬದ ಮರೆಯಿಂದ ‘ಲೋ ಗಂಗಾ, ಉಂಡ್ಯೇನ್ಲಾ?’ ಎಂದು ಕೂಗಿದರೆ ಒಳಗಿನಿಂದ ‘ಉಣ್ತಾ ಇದೀನಿ ಅಕ್ಕಾ’ ಎಂದು ಉತ್ತರ ಬರುತ್ತಿತ್ತು. ಐವತ್ತು ವರ್ಷದ ಗಂಡಸು. ವಠಾರ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು.

ಅಂಜನಮ್ಮ ಹದಿನೆಂಟಕ್ಕೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಅದೇ ವರ್ಷ ತಾಯಿಯೂ ತೀರಿಕೊಂಡು, ಎಂಟು ವರ್ಷದ ತಮ್ಮ ಅವಳ ಮಡಿಲಿಗೆ ಬಿದ್ದ. ಅಪ್ಪ ಬಾವಿ ಪಕ್ಕದ ಅರ್ಧ ಎಕರೆಯನ್ನು ಮಗಳ ಹೆಸರಿಗೆ ಬರೆದಿಟ್ಟು ಕಣ್ಣು ಮುಚ್ಚಿದ್ದ. ಅಲ್ಲಿ ಆಕೆ ಮಲ್ಲಿಗೆ, ಕನಕಾಂಬರ ಹಾಕಿದಳು. ತಾನು ಮುಡಿಯುವಂತಿಲ್ಲದ ಹೂವನ್ನು ಮೂವತ್ತು ವರ್ಷ ಬೆಳಗಿನ ಮೊದಲ ಬಸ್ಸಿಗೆ ಹೊತ್ತು, ಸಿಟಿ ಮಾರ್ಕೆಟ್ಟಿನ ರಹೀಮ್ ಸಾಬರ ಮಂಡಿಯಲ್ಲಿ ಜಗಳವಾಡಿ ಮಾರಿ, ಒಂಬತ್ತಕ್ಕೆಲ್ಲ ತಮ್ಮನಿಗೆ ಮುದ್ದೆ ಕಟ್ಟಲು ವಾಪಸಾಗುತ್ತಿದ್ದಳು.

ಜೆ.ಪಿ. ನಗರ ಬಡಾವಣೆಯ ಹಂತಗಳು ಒಂದೊಂದೇ ಹೆಜ್ಜೆ ಇಟ್ಟು ನಮ್ಮ ಕಡೆಗೆ ಬರುತ್ತಿದ್ದ ಕಾಲ. ಗಂಗಾಧರಯ್ಯ ತನ್ನ ರಾಗಿ ಹೊಲವನ್ನೆಲ್ಲ ಸೈಟು ಮಾಡಲು ಹೊರಟ. ನಕ್ಷೆ ನೋಡಿದರೆ ಕನಕಪುರ ರಸ್ತೆಯಿಂದ ಒಳಗೆ ಬರುವ ದಾರಿ ಅಕ್ಕನ ಮಲ್ಲಿಗೆಯ ಮೇಲೇ ಹಾಯುತ್ತಿತ್ತು.

‘ದಾರಿ ಮಟ್ಟಿಗಾದ್ರೂ ಬಿಟ್ಕೊಡಕ್ಕಾ.’

‘ನನ್ನ ಹೆಣ ಎತ್ತಿದ್ ದಿನ ಬಿಡ್ತೀನಿ. ಅರ್ಜೆಂಟಿದ್ರೆ ಇವತ್ತೇ ಚಟ್ಟ ಕಟ್ಟು.’

ಒಂದು ಸಂಜೆ ಗಂಗಾಧರಯ್ಯ ನನ್ನನ್ನು ಬಾವಿಯ ಹತ್ತಿರ ಕರೆದ.

‘ಸಾರ್, ಅಪ್ಪಂಗೆ ಪಿಂಡ ಹಾಕೋಕೆ ಅಕ್ಕನ್ನ ಕಾಶಿಗೆ ಕರ್ಕೊಂಡ್ ಹೋಗ್ತೀನಿ. ನೀವೂ ಬನ್ನಿ, ಖರ್ಚೆಲ್ಲ ನಂದು. ಅಲ್ಲಿ ಘಾಟಿನ ಪುರೋಹಿತ, ಆ ಪಂಡ, ಏನೋ ಬಿಡು ಅಂತಾನಲ್ಲ, ಅದನ್ನ ಕನ್ನಡದಲ್ಲಿ ಹೇಳೋರು ನೀವೇ ಅಲ್ವಾ?’

‘ಹೌದು.’

‘ಹಣ್ಣು ಅನ್ಬೇಡಿ. ಜೀವಕ್ಕಿಂತ ಇಷ್ಟವಾದದ್ದು ಯಾವುದೋ ಅದನ್ನೇ ಬಿಡ್ಬೇಕು, ಇಲ್ದಿದ್ರೆ ಅಪ್ಪಂಗೆ ಗತಿ ಇಲ್ಲ ಅನ್ನಿ. ಆ ತೋಟ ಬಿಟ್ರೆ ಅವಳಿಗೆ ಇನ್ನೇನ್ ಇಷ್ಟ ಐತೆ?’ ಆಮೇಲೆ ದನಿ ತಗ್ಗಿಸಿ, ‘ಮೂಲೆ ಸೈಟು ನಿಮಗೇ ಸಾರ್’ ಎಂದ.

ಸೇತುರಾಮ ಎಂದು ಹೆಸರಿಟ್ಟ ಅಪ್ಪನನ್ನು ನೆನೆದೆ. ಸೇತುವೆಯ ಕೆಲಸ ಎರಡು ದಡ ಸೇರಿಸುವುದು. ನಡುವೆ ಒಂದಿಷ್ಟು ಸುಂಕ ವಸೂಲಿ ಮಾಡಿದರೆ ತಪ್ಪೇನು?

ಮದರಾಸಿನಿಂದ ಎರಡು ದಿನದ ರೈಲು. ದಾರಿಯುದ್ದಕ್ಕೂ ನಾನು ಕಾಶಿಯ ಚರಿತ್ರೆ ಹೇಳಿದೆ. ವಿಶ್ವನಾಥನ ಗುಡಿ ಬಿದ್ದು ಬಿದ್ದು ಎದ್ದದ್ದು. ಈಗಿರುವ ಗುಡಿಯನ್ನು ಇಂದೋರಿನ ವಿಧವೆ ರಾಣಿ ಅಹಲ್ಯಾಬಾಯಿ ಕಟ್ಟಿಸಿದ್ದು. ಆ ಊರಿಗೆ ಕಾಲಭೈರವನೇ ಪೊಲೀಸು, ಅವನ ಅಪ್ಪಣೆಯಿಲ್ಲದೆ ಯಾರೂ ತಳವೂರುವಂತಿಲ್ಲ ಎನ್ನುವುದು. ಅಲ್ಲಿ ಸಾಯುವವರ ಕಿವಿಯಲ್ಲಿ ಶಿವನೇ ಬಗ್ಗಿ ತಾರಕ ಮಂತ್ರ ಉಸುರುತ್ತಾನೆ ಎನ್ನುವುದು. ಭೈರವನಿಗೆ ನಮ್ಮ ಠಾಣೆಯ ದಫೇದಾರನ ದನಿ ಕೊಟ್ಟೆ. ಅಂಜನಮ್ಮ ನಗಲಿಲ್ಲ. ಆಕೆಗೆ ಹಿಡಿಸಿದ್ದು ಅಹಲ್ಯಾಬಾಯಿ.

‘ಗಂಡ ಸತ್ತೋಳು ಕಟ್ಟಿಸಿದ್ಲಾ ಅಯ್ನೋರೇ? ಬೇಡ ಅನ್ನೋಕೆ ತಮ್ಮ ಗಿಮ್ಮ ಯಾರೂ ಇರ್ಲಿಲ್ವಾ?’

ಗಂಗಾಧರಯ್ಯ ಕಿಟಕಿಯಾಚೆ ನೋಡಿದ.

ಕಾಶಿಯ ಓಣಿಗಳಲ್ಲಿ ಒಂದು ಗೂಳಿ ಎದುರಾದರೆ ಮೂವರೂ ಗೋಡೆಗೆ ಅಂಟಿಕೊಳ್ಳಬೇಕು. ಗೂಳಿಯ ಹಿಂದೆ ಹೆಣ, ಹೆಣದ ಹಿಂದೆ ಹಾಲಿನವನು. ಯಾರಿಗೂ ಯಾರ ಮೇಲೂ ಬೇಸರವಿಲ್ಲ. ಕೇದಾರ ಘಾಟಿನಲ್ಲಿ ಪಾನು ಜಗಿದು ಬಾಯಿ ಕೆಂಪಾದ ಪಂಡ ನಮ್ಮನ್ನು ಹಿಡಿದ. ಊರು ಕೇಳಿ, ಕೆಂಪು ಬಟ್ಟೆಯ ಉದ್ದನೆಯ ಪುಸ್ತಕ ಬಿಚ್ಚಿ, ಇವರ ಮುತ್ತಾತ ಬಂದುಹೋದ ಗುರುತಿಗೆ ಒತ್ತಿದ್ದ ಹೆಬ್ಬೆಟ್ಟು ತೋರಿಸಿದ. ಅಂಜನಮ್ಮ ಆ ಹೆಬ್ಬೆಟ್ಟಿನ ಮೇಲೆ ತನ್ನ ಹೆಬ್ಬೆಟ್ಟು ಇಟ್ಟು ಅಳೆದಳು.

ಪಿಂಡವಾಯಿತು. ಪಂಡ ಆಕೆಯನ್ನು ನೀರಿಗಿಳಿಸಿ, ‘ಮಾತಾಜೀ, ಕೋಯೀ ಏಕ್ ಫಲ್ ಛೋಡ್ ದೀಜಿಯೇ’ ಎಂದ.

ನಾನು ಅವನ ದನಿಯಲ್ಲೇ, ಬಾಯಲ್ಲಿ ಪಾನು ತುಂಬಿದಂತೆ, ಕನ್ನಡ ಮಾಡಿದೆ: ‘ತಾಯೀ, ನಿಮಗೆ ಜೀವಕ್ಕಿಂತ ಹೆಚ್ಚು ಇಷ್ಟವಾದದ್ದು ಯಾವುದೋ ಅದನ್ನೇ ಬಿಡಬೇಕು. ಕಡಿಮೆಯದನ್ನು ಬಿಟ್ಟರೆ ತಂದೆಯ ಆತ್ಮ ಈ ನೀರಲ್ಲೇ ಉಳಿದುಬಿಡುತ್ತೆ.’

ಆಕೆ ಪಂಡನನ್ನು ನೋಡಿದಳು, ನನ್ನನ್ನು ನೋಡಿದಳು.

‘ಅಷ್ಟ್ ಚಿಕ್ಕ ಮಾತಿಗೆ ಇಷ್ಟುದ್ದ ಕನ್ನಡಾನಾ, ಅಯ್ನೋರೇ?’

‘ಹಿಂದಿ ಮಡಿಸಿಟ್ಟ ಸೀರೆ ಇದ್ದಂಗಮ್ಮಾ. ಬಿಚ್ಚಿದ್ರೆ ಉದ್ದ.’

ಆಕೆ ತಮ್ಮನ ಕಡೆಗೆ ತಿರುಗಿದಳು. ‘ಲೋ ಗಂಗಾ, ಬಿಡ್ಲಾ?’

‘ಬಿಡಕ್ಕಾ.’

‘ಬಿಟ್ ಮೇಲೆ ವಾಪಸ್ ತಗೊಳ್ಳಂಗಿಲ್ಲ ಕಣ್ಲಾ. ಬಿಡ್ಲಾ?’

‘ಬಿಡು ಅಂದ್ನಲ್ಲ, ಅಪ್ಪನ್ ಕೆಲ್ಸ.’

‘ಇನ್ನೊಂದ್ ಸಲ ಕೇಳ್ತೀನಿ. ಬಿಡ್ಬಿಡ್ಲಾ?’

‘ಅಯ್ಯೋ, ಬಿಡು ಮಾರಾಯ್ತಿ!’

ಅಂಜನಮ್ಮ ಬೊಗಸೆಯಲ್ಲಿ ಗಂಗೆ ಹಿಡಿದು, ಕಣ್ಣು ಮುಚ್ಚಿ, ತುಟಿಯಲ್ಲೇ ಏನೋ ಹೇಳಿ, ನೀರು ಬಿಟ್ಟಳು. ಮೆಟ್ಟಿಲು ಹತ್ತುವಾಗ ತಮ್ಮ ಕೈ ನೀಡಿದ. ಆಕೆ ಗೋಡೆ ಹಿಡಿದು ಹತ್ತಿದಳು. ರೈಲಿನಲ್ಲಿ ಅವನು ಕಿತ್ತಳೆ ಸುಲಿದು ಕೊಟ್ಟರೆ ತೆಗೆದುಕೊಳ್ಳಲಿಲ್ಲ, ಕರೆದರೆ ಓಗೊಡಲಿಲ್ಲ. ಗಂಗಾಧರಯ್ಯ ನನ್ನತ್ತ ಕಣ್ಣು ಮಿಟುಕಿಸಿದ. ‘ತೋಟದ್ ಸಂಕ್ಟ ಸಾರ್. ಸರಿಹೋಗ್ತದೆ.’

ಊರಿಗೆ ಬಂದು ಸಮಾರಾಧನೆ ಮಾಡಿ, ಎಲ್ಲರಿಗೂ ಗಂಗೆ ತೀರ್ಥ, ಕಾಶಿ ದಾರ ಹಂಚಿದರು. ಪಂಕ್ತಿಯಲ್ಲಿ ಕೂತ ಕೆಂಪಕ್ಕ ಕೇಳಿಯೇಬಿಟ್ಟಳು. ‘ಏನ್ ಬಿಟ್ಟೆ ಅಂಜನಮ್ಮಾ? ಸೇಬಾ?’

‘ನನ್ ತಮ್ಮನ್ನ.’

ಪಂಕ್ತಿ ಗೊಳ್ಳೆಂದು ನಕ್ಕಿತು. ಆಕೆ ನಗಲಿಲ್ಲ. ನಗು ಒಬ್ಬೊಬ್ಬರದಾಗಿ ನಿಂತಿತು.

‘ಎಲ್ಲಕ್ಕಿಂತ ಇಷ್ಟವಾದದ್ದೇ ಬಿಡ್ಬೇಕಂತೆ ಕೆಂಪಕ್ಕ. ಅಯ್ನೋರನ್ನ ಕೇಳು, ಅವರೇ ಹೇಳಿದ್ದು. ತೋಟ ನಂಗೆ ಅನ್ನ. ಇಷ್ಟ ಅಂದ್ರೆ ಅವನೇ.’

ಪಾಯಸ ಬಡಿಸುತ್ತಿದ್ದ ಗಂಗಾಧರಯ್ಯನ ಸೌಟು ಎಲೆಯ ಮೇಲೇ ನಿಂತಿತು. ‘ಸಾರ್, ಹೇಳಿ ಸಾರ್...’ ಎಂದು ನನ್ನನ್ನು ನೋಡಿದ. ಏನು ಹೇಳಲಿ? ಪಂಡ ಹಣ್ಣು ಅಂದದ್ದು ನಿಜ ಎಂದರೆ, ಬೇರೆ ಹೇಳಿಸಿದ್ದು ಯಾರು ಎಂದು ಇಡೀ ಪಂಕ್ತಿ ಕೇಳುತ್ತಿತ್ತು. ಅವನಿಗೂ ಅದು ಹೊಳೆದಿರಬೇಕು. ಸೌಟು ಮುಂದಿನ ಎಲೆಗೆ ಹೋಯಿತು.

ಅವತ್ತೇ ಅಂಜನಮ್ಮ ತೋಟದ ಗುಡಿಸಲಿಗೆ ತನ್ನ ಪೆಟ್ಟಿಗೆ ಹೊತ್ತುಕೊಂಡು ಹೋದಳು. ನಲವತ್ತು ಮಾರು ದೂರ. ಐದು ವರ್ಷ ಅಕ್ಕ ತಮ್ಮನ ಕಡೆ ತಲೆಯೆತ್ತಿ ನೋಡಲಿಲ್ಲ. ತೋಟದ ದಾರಿಯಿಲ್ಲದೆ ಲೇಔಟು ಹುಟ್ಟಲಿಲ್ಲ. ಹೊಲದಲ್ಲಿ ನೆಟ್ಟ ಸೈಟಿನ ಕಲ್ಲುಗಳಿಗೆ ಎಮ್ಮೆಗಳು ಮೈ ತಿಕ್ಕಿಕೊಂಡವು. ಮಧ್ಯಾಹ್ನ ಊಟದ ಹೊತ್ತಿಗೆ ಗಂಗಾಧರಯ್ಯ ಜಗಲಿಗೆ ಬಂದು ಸುಮ್ಮನೆ ಕೂರುತ್ತಿದ್ದ. ನಾನು ಅಂಜನಮ್ಮನ ದನಿ ಮಾಡುವುದನ್ನು ನಿಲ್ಲಿಸಿದ್ದೆ.

ಎಂಬತ್ತಮೂರರಲ್ಲಿ ಅವನಿಗೆ ಲಕ್ವ ಹೊಡೆಯಿತು. ಡಾಕ್ಟರು ಮನೆಗೆ ಕರೆದುಕೊಂಡು ಹೋಗಿ ಎಂದರು. ಕಣ್ಣು ಮುಚ್ಚಿ ಮಲಗಿದವನು ಒಂದೇ ಮಾತು ಆಡುತ್ತಿದ್ದ: ‘ಅಕ್ಕ.’ ಹೆಂಡತಿ ಮಂಗಮ್ಮ ನನ್ನನ್ನು ತೋಟಕ್ಕೆ ಕಳಿಸಿದಳು.

ಅಂಜನಮ್ಮ ಹೂ ಕಟ್ಟುತ್ತಿದ್ದಳು. ನಾನು ನಿಂತಲ್ಲೇ ಎಲ್ಲ ಕಕ್ಕಿದೆ. ‘ಅಮ್ಮಾ, ಪಂಡ ಅಂದಿದ್ದು ಒಂದು ಹಣ್ಣು ಬಿಡಿ ಅಂತ ಅಷ್ಟೇ. ನಾನು ಸುಳ್ಳು ಹೇಳ್ದೆ.’

‘ಗೊತ್ತು.’

‘ಗೊತ್ತಾ?’

‘ರಹೀಮ್ ಸಾಬರ ಹತ್ರ ಮೂವತ್ತು ವರ್ಷ ಅವರ ಮಾತಲ್ಲೇ ಜಗಳ ಆಡಿದೀನಿ. ಫಲ್ ಅಂದ್ರೆ ಹಣ್ಣು, ಛೋಡ್ ಅಂದ್ರೆ ಬಿಡು. ಇಷ್ಟೂ ಬರಲ್ವಾ ನಂಗೆ?’

‘ಮತ್ತೆ ಅವತ್ತೇ ಯಾಕೆ...’

‘ಮೂರ್ ಸಲ ಕೇಳ್ದೆ ಅವನ್ನ. ಒಂದ್ ಸಲಾನಾದ್ರೂ, ಬೇಡಕ್ಕಾ, ಹಣ್ಣು ಸಾಕು ಅಂತಾನಾ ಅಂತ.’

‘ಸುಳ್ಳಿನ ಮೇಲೆ ಆಡಿದ ಮಾತಲ್ವಾ ಅಮ್ಮಾ. ಉಸಿರು ಇವತ್ತೋ ನಾಳೆಯೋ. ಬಂದ್ಬಿಡಿ.’

‘ಸುಳ್ಳು ನಿಮ್ದು. ಗಂಗೆ ಇದ್ದಿದ್ದು ನನ್ ಕೈಲಿ.’

ಆಕೆಯ ಬೆರಳು ನಿಲ್ಲಲಿಲ್ಲ. ಆದರೆ ಹೂವು ಮಡಿಲಲ್ಲೇ ಇತ್ತು. ಖಾಲಿ ದಾರಕ್ಕೆ ಗಂಟಿನ ಮೇಲೆ ಗಂಟು ಬೀಳುತ್ತಿತ್ತು.

ಒಬ್ಬನೇ ವಾಪಸು ಬಂದ ನನ್ನನ್ನು ನೋಡಿ ಮಂಗಮ್ಮ ಬಾಗಿಲಲ್ಲೇ ಸೆರಗು ಬಾಯಿಗಿಟ್ಟುಕೊಂಡಳು. ಆಮೇಲೆ ನನ್ನ ತೋಳು ಹಿಡಿದಳು. ‘ನೀವು ಅವರ ದನಿ ಮಾಡ್ತಿದ್ರಲ್ಲ ಅಯ್ನೋರೇ. ಕಣ್ ಬಿಡಲ್ಲ ಅವರು, ಗೊತ್ತಾಗಲ್ಲ. ಒಂದೇ ಒಂದ್ ಸಲ.’

ನಾನು ಬಗ್ಗಿದೆ. ಬಾಯಿ ಅವನ ಕಿವಿಗೆ ತಾಗುವಷ್ಟು ಹತ್ತಿರ.

‘ಲೋ ಗಂಗಾ, ಉಂಡ್ಯೇನ್ಲಾ?’

ಜೀವಮಾನದಲ್ಲಿ ಅಷ್ಟು ಚೆನ್ನಾಗಿ ನಾನು ಯಾರನ್ನೂ ಮಾಡಿರಲಿಲ್ಲ. ಮಂಗಮ್ಮ ತಾನೇ ಬೆಚ್ಚಿ ಬಾಗಿಲ ಕಡೆ ತಿರುಗಿ ನೋಡಿದಳು. ಗಂಗಾಧರಯ್ಯನ ಮುಚ್ಚಿದ ಕಣ್ಣಿನಿಂದ ನೀರು ಇಳಿಯಿತು. ‘ಕೇಳಿಸ್ತು! ಕೇಳಿಸ್ತು ಅವರಿಗೆ!’ ಎಂದು ಮಂಗಮ್ಮ ಕೈ ಮುಗಿದಳು.

ಸೊಟ್ಟಗಾದ ಬಾಯಿ ಬಹಳ ಹೊತ್ತು ಒದ್ದಾಡಿ ಒಂದೊಂದೇ ಮಾತು ಹೊರಗೆ ತಂದಿತು.

‘ಸಾರ್... ಅವಳು... ನಿಜವಾಗ್ಲೂ... ಏನಂದ್ಲು?’