ಅಜ್ಜನ ಮನೆಯ ಕಾರ್ಯ

ಸಾಫ್ರಿಲ್ ಮೂರನೆಯ ಸಲ ಊರಿಗೆ ಬಂದಾಗಲೂ ಶೂಗಳನ್ನು ಜಗಲಿಯ ಕೆಳಗೆ ಬಿಟ್ಟು, ಸೊಂಟ ಬಗ್ಗಿಸಿ ಕೈ ಮುಗಿದೇ ಒಳಗೆ ಬಂದ. ವಗಿರಾಳಿಗೆ ಅನುಮಾನ ಹುಟ್ಟಲು ಅಷ್ಟು ಸಾಕಾಯಿತು. ಸರಕಾರದ ಸಂಬಳ ಎಣಿಸುವವನು ಕೈಗೆ ಸಗಣಿ ಮೆತ್ತಿಕೊಂಡ ಹೆಂಗಸಿನ ಮುಂದೆ ಇಷ್ಟು ಬಗ್ಗುತ್ತಾನೆಂದರೆ ಒಳಗೇನೋ ಇದೆ.

ಅವನು ಬೆಟ್ಟದ ಮೇಲೆ ಕಣ್ಣಿಡುವ ಕಚೇರಿಯವನು. ಮೆರಾಪಿ ಬೆಟ್ಟ ಯಾವ ಯಾವ ವರ್ಷ ಬೆಂಕಿ ಕಾರಿತು, ಬೂದಿಯ ಬಿಸಿ ಮೋಡ ಯಾವ ಊರಿನವರೆಗೆ ಇಳಿಯಿತು ಎಂಬುದನ್ನು ಹಿರಿಯರ ಬಾಯಿಂದ ಕೇಳಿ ಬರೆದುಕೊಳ್ಳುವುದು ತನ್ನ ಕೆಲಸ ಎನ್ನುತ್ತಿದ್ದ. ಕಳೆದುಹೋದದ್ದನ್ನು ಕೆದಕಿ ಇವನಿಗೇನಾಗಬೇಕು? ಹೋದ ವರ್ಷ ಮೇಲಿನ ಊರಿಗೂ ಇಂಥವನೇ ಒಬ್ಬ ಪುಸ್ತಕ ಹಿಡಿದು ಬಂದಿದ್ದ. ಮೂರು ತಿಂಗಳಿಗೆ, ಇಲ್ಲಿ ಯಾರೂ ವಾಸಿಸಕೂಡದು ಎಂಬ ಹಲಗೆ ಬಂತು. ಆ ಜನ ಈಗ ಬಯಲಿನ ಸಾಲುಮನೆಗಳಲ್ಲಿದ್ದಾರೆ, ಒಂದು ಹಸು ಕಟ್ಟಲೂ ಜಾಗವಿಲ್ಲ. ಅವರು ಬಿಟ್ಟುಬಂದ ನೆಲದಲ್ಲಿ ಮರಳು ಲಾರಿಗಳು ಓಡಾಡುತ್ತಿವೆ. ಊರಿನ ಮುಖ್ಯಸ್ಥ ಪೊನಿರನ್ ಮನೆಮನೆಗೂ ಹೋಗಿ, ಬಂದವನಿಗೆ ಟೀ ಕೊಡಿ, ಮಾತು ಕೊಡಬೇಡಿ ಎಂದು ಹೇಳಿಟ್ಟಿದ್ದ.

ವಗಿರಾ ಟೀ ಕೊಟ್ಟಳು. ಸಾಫ್ರಿಲನ ಕಣ್ಣು ಲೋಟದ ಮೇಲಿರಲಿಲ್ಲ, ಹಲಸಿನ ಮರದ ನಡುಗಂಬದ ಮೇಲಿತ್ತು. ಅದರಲ್ಲಿ ಕತ್ತಿಯಿಂದ ಕೊಚ್ಚಿದ ಮೂರು ಗುರುತುಗಳಿದ್ದವು.

"ಇವೇನು ಬು?" ಎಂದ, ಅಮ್ಮ ಎನ್ನುವುದಕ್ಕೆ ಇಲ್ಲಿಯವರ ಮಾತು ಹಿಡಿದು.

"ಕಾರ್ಯ ಆದಾಗೆಲ್ಲ ನಮ್ಮಪ್ಪ ಕೊಚ್ಚಿದ್ದು."

"ಕಾರ್ಯ ಅಂದ್ರೆ, ಮದುವೆನಾ?"

ವಗಿರಾ ಅವನ ಮುಖ ನೋಡಿದಳು. ಸಮುದ್ರದಾಚೆಯ ಪಾದಾಂಗಿನಿಂದ ಬಂದವನು, ಇಲ್ಲಿಯ ಮಾತು ಇವನಿಗೆಲ್ಲಿ ಗೊತ್ತು! ಈ ಇಳಿಜಾರಿನಲ್ಲಿ ಮೆರಾಪಿಯನ್ನು ಹೆಸರು ಹಿಡಿದು ಕರೆಯುವವರಿಲ್ಲ. ಅವನು ಅಜ್ಜ. ಅಜ್ಜ ಬೆಂಕಿ ಕಾರಿದ ಎನ್ನುವುದೂ ಇಲ್ಲ. ಹಾಗೆನ್ನುವುದು ನಮ್ಮ ಮನೆಯ ಹಿರಿಯ ವಾಂತಿ ಮಾಡಿಕೊಂಡ ಎಂದು ಸಂತೆಯಲ್ಲಿ ಕೂಗಿ ಹೇಳಿದಂತೆ. ಅಜ್ಜನ ಮನೆಯಲ್ಲಿ ಕಾರ್ಯ ಇತ್ತು ಎನ್ನುತ್ತಾರೆ. ಬಿಸಿ ಮೋಡಕ್ಕೆ ಸಿಕ್ಕವರನ್ನು ಸತ್ತರು ಎನ್ನುವುದಿಲ್ಲ, ಕಾರ್ಯದ ಕೆಲಸಕ್ಕೆ ಹೋದರು ಎನ್ನುತ್ತಾರೆ.

ಮದುವೆ ಎಂದವನು ಅವನು, ತಾನಲ್ಲ. ಸುಳ್ಳಿನ ಪಾಪ ಇದ್ದರೆ ಅದೂ ಅವನ ತಲೆಗೇ.

"ದೊಡ್ಡ ಕಾರ್ಯಾನೇ," ಎಂದಳು.

ಅವನು ಬರೆದುಕೊಂಡ. ಕೊನೆಯ ಕಾರ್ಯಕ್ಕೆ ಈ ಮನೆಯಿಂದ ಯಾರು ಹೋಗಿದ್ದರು ಎಂದೂ ಕೇಳಿದ. ಹಾಗೆಲ್ಲ ಕೇಳುವುದು ಅವನ ಅಭ್ಯಾಸ, ಮದುವೆಯ ನೆನಪು ಹಿಡಿದು ಬೆಂಕಿಯ ವರ್ಷ ಹುಡುಕುತ್ತಾನಂತೆ.

"ನಮ್ಮಕ್ಕ ತುಮಿರಾ. ಕೆಲಸಕ್ಕೆ ಅಂತ ಹೋದ್ಲು."

ಅದನ್ನೂ ಬರೆದುಕೊಂಡ. ಹಾಗಾದರೆ ಬಿಸಿ ಮೋಡ ಊರಿಗೂ ಹೊಳೆಗೂ ನಡುವಿನ ಈ ದಿಣ್ಣೆ ದಾಟಿ ಬಂದೇ ಇಲ್ಲವೇ ಎಂದು ಕೇಳಿದ್ದಕ್ಕೆ ವಗಿರಾ ಟೀ ಆರುತ್ತಿದೆ ಎಂದಳು.

ಅವನ ಮೋಟರ್ ಬೈಕು ಮರೆಯಾದ ಮೇಲೆ ಪೊನಿರನ್ ಅದನ್ನು ಕೇಳಿ ತೊಡೆ ತಟ್ಟಿಕೊಂಡು ನಕ್ಕ. ಊರಿಗೆ ಊರೇ ನಕ್ಕಿತು. ಎರಡು ತಿಂಗಳ ನಂತರ ಕಾವಲು ಗುಡಿಸಲಿನ ಗೋಡೆಗೆ ಅಪಾಯದ ಜಾಗಗಳ ಹೊಸ ನಕ್ಷೆ ಬಂತು. ಹೊಳೆಯಾಚೆಯ ಊರಿಗೆ ಕೆಂಪು ಬಳಿದಿತ್ತು. ದಿಣ್ಣೆಯ ಈಚೆಯ ತಮ್ಮ ಊರು ಬಿಳಿ. ಪೊನಿರನ್ ಖುಷಿಯಲ್ಲಿ ಎಲ್ಲರಿಗೂ ಅಂಟಕ್ಕಿಯ ಕಡುಬು, ಬೆಲ್ಲದಲ್ಲಿ ಬೇಯಿಸಿದ ಸೋಯಾ ಕಾಳಿನ ತೆಂಪೆ ಹಂಚಿದ. ಯಾರೂ ತಮ್ಮನ್ನು ಎಬ್ಬಿಸುವುದಿಲ್ಲ. ವಗಿರಾ ಎರಡು ಕಡುಬು ತಿಂದಳು.

ಆಮೇಲೆ ಸೈರನ್ನಿನ ಕಂಬಗಳನ್ನು ಹೊತ್ತ ಲಾರಿ ಬಂತು. ಅವರ ಊರಿನಲ್ಲಿ ದಾರಿ ಕೇಳಲು ಮಾತ್ರ ನಿಂತು, ಸೇತುವೆ ದಾಟಿ ಕೆಂಪು ಬಳಿದ ಊರಿಗೆ ಹೋಯಿತು.

ಸೈರನ್ ಪರೀಕ್ಷೆ ಮಾಡಿದ ದಿನ ವಗಿರಾ ದಿಣ್ಣೆಯ ನೆತ್ತಿಯಲ್ಲಿ ಹುಲ್ಲು ಕೊಯ್ಯುತ್ತಿದ್ದಳು. ಸದ್ದಿಗೆ ಕುಡುಗೋಲು ಕೈಜಾರಿತು. ಹೊರೆ ಹೊತ್ತು ಇಳಿದು ಬಂದಾಗ ತುಂಬು ಬಸುರಿ ಸೊಸೆ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದಳು. ಸೈರನ್ ಕೇಳಿತಾ ಎಂದು ವಗಿರಾ ವಿಚಾರಿಸಿದಳು.

"ಯಾವ ಸೈರನ್?" ಎಂದಳು ಸೊಸೆ.

ವಗಿರಾ ಹೊರೆಯನ್ನು ಅಲ್ಲೇ ಇಳಿಸಿದಳು. ಮೂರನೆಯ ಕಾರ್ಯದ ದಿನವೂ ಹೊಳೆಯಾಚೆ ಎಚ್ಚರಿಕೆಯ ಮರದ ಕೊರಡು ಬಡಿದೇ ಬಡಿದಿದ್ದರು. ದಿಣ್ಣೆ ಆ ಸದ್ದನ್ನು ತಡೆಯಿತು, ಬಿಸಿ ಮೋಡವನ್ನು ತಡೆಯಲಿಲ್ಲ. ಆಗ ಅಕ್ಕ ತೊರೆಯಲ್ಲಿ ಬಟ್ಟೆ ಒಗೆಯುತ್ತಿದ್ದಳು.

ಪೊನಿರನ್‌ಗೆ ಹೇಳಿದಳು. ಅವನು ಲವಂಗದ ಸಿಗರೇಟನ್ನು ಕೊನೆಯವರೆಗೂ ಎಳೆದು, "ಸೈರನ್ ಬೇಕೋ ಊರು ಬೇಕೋ, ನೀವೇ ಹೇಳಿ ಬು," ಎಂದ. ವಗಿರಾಳಿಗೆ ಎರಡೂ ಬೇಕಿತ್ತು. ಸೈರನ್ನೇ ಒಂದು ಆಮಿಷವೇನೋ, ಬಾಯಿ ಬಿಡಿಸಲು ಹೂಡಿದ ಆಟವೇನೋ ಎಂದೂ ಅನ್ನಿಸಿತು. ಮೂರು ದಿನ ಹೀಗೇ ಒದ್ದಾಡಿ, ನಾಲ್ಕನೆಯ ದಿನ ಬೆಳಿಗ್ಗೆ ಹಾಲು ಕೊಟ್ಟು ಬರುವಾಗ ಸೇತುವೆ ದಾಟಿ ಕಚೇರಿಗೆ ಹೋದಳು.

ಒಳಗೆ ಕಾಲಿಡುವ ಮೊದಲು ಗೋಡೆ ನೋಡಿದಳು. ಮರಳು ಲಾರಿಯವರು ಹಂಚಿದ ಕ್ಯಾಲೆಂಡರ್ ತೂಗುತ್ತಿತ್ತು. ನೋಡಿದೆಯಾ ಕಳ್ಳನ ಎಂದುಕೊಂಡು ತಿರುಗಿದವಳಿಗೆ ತನ್ನ ಕೊಟ್ಟಿಗೆಯಲ್ಲಿರುವುದೂ ಅದೇ ಕ್ಯಾಲೆಂಡರ್ ಎಂಬುದು ನೆನಪಾಯಿತು.

ಸಾಫ್ರಿಲ್ ಕುರ್ಚಿ ಎಳೆದು ಕೊಟ್ಟ. ಅವಳು ಕೂರದೆ, ಅಣ್ಣ ಎನ್ನುವ ಮರ್ಯಾದೆಯ ಮಾತು ಹಿಡಿದೇ ಕೇಳಿದಳು.

"ಮಾಸ್, ಮೊದ್ಲು ಒಂದು ಹೇಳಿ. ನಾನು ನಿಜ ಹೇಳಿದ್ರೆ ನಮ್ಮನ್ನ ಊರು ಬಿಡಿಸ್ತೀರಾ?"

ಇಲ್ಲ ಬು, ಖಂಡಿತ ಇಲ್ಲ ಎಂದಿದ್ದರೆ ಅವಳು ಅಲ್ಲಿಂದಲೇ ಮನೆಗೆ ಹೋಗುತ್ತಿದ್ದಳು. ಅವನು ಕೈಲಿದ್ದ ಪೆನ್ನು ಕೆಳಗಿಟ್ಟ.

"ಗೊತ್ತಿಲ್ಲ ಬು. ಬಣ್ಣ ಹಚ್ಚೋದು ನಾನು. ಆಮೇಲಿಂದು ಬೇರೆಯವರ ಕೈಲಿದೆ. ಬಿಡಿಸಿದ್ರೂ ಬಿಡಿಸಬಹುದು."

ಇಷ್ಟು ದಿನಗಳಲ್ಲಿ ಅವನ ಬಾಯಿಂದ ಬಂದ, ಅನುಮಾನಪಡಲಾಗದ ಮೊದಲ ಮಾತು ಅದು. ವಗಿರಾ ಕೂತಳು. ನಮ್ಮ ಊರಿನ ಹಾಳೆ ತೆಗೆದು ಓದಿ ಎಂದಳು. ಮೂರು ಮದುವೆ, ಬೆಂಕಿ ಬಂದದ್ದಿಲ್ಲ, ಎಂದು ಅವನು ಓದಿದ.

"ಮದುವೆ ಅಲ್ಲ. ಅಜ್ಜನ ಮನೆ ಕಾರ್ಯ," ಎಂದು ಅವಳು ಕಿಟಕಿಯ ಕಡೆ ಗದ್ದ ತೋರಿಸಿದಳು. ಅಲ್ಲಿ ಮೆರಾಪಿಯ ನೆತ್ತಿಯಿಂದ ತೆಳುವಾಗಿ ಹೊಗೆ ಏಳುತ್ತಿತ್ತು.

ಅವನು ಕಿಟಕಿ ನೋಡಿದ, ಹಾಳೆ ನೋಡಿದ. ಕೊನೆಯ ಸಾಲಿಗೆ ಬಂದಾಗ ಅವನ ದನಿ ತಗ್ಗಿತು.

"ಅಕ್ಕ ತುಮಿರಾ, ಕೆಲಸಕ್ಕೆ ಹೋಗಿದ್ದರು..."

"ಹ್ಞೂಂ. ಹನ್ನೊಂದು ವರ್ಷ ಅವಳಿಗೆ. ಬರ್ಕೊಳ್ಳಿ ಮಾಸ್, ಇನ್ನೂ ಬಂದಿಲ್ಲ."

ಸಾಫ್ರಿಲ್ ಬರೆಯಲಿಲ್ಲ. ಮೇಜಿನ ಡಬ್ಬಿಯಲ್ಲಿ ತಡಕಾಡಿ ಕೆಂಪು ಪೆನ್ಸಿಲ್ ತೆಗೆದು ಅವಳ ಮುಂದಿಟ್ಟ, ನಕ್ಷೆ ಬಿಚ್ಚಿದ. ತೊರೆ ಎಲ್ಲಿದೆ ಎಂದು ಕೇಳಿದ. ವಗಿರಾ ತನ್ನ ಹೊಲ, ಕೊಟ್ಟಿಗೆ, ಹಲಸಿನ ಕಂಬದ ಮನೆ ಎಲ್ಲವೂ ಇದ್ದ ಆ ಬಿಳಿ ಜಾಗವನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಪೆನ್ಸಿಲನ್ನು ಕುಡುಗೋಲಿನಂತೆ ಮುಷ್ಟಿಯಲ್ಲಿ ಹಿಡಿದು, ತನ್ನ ಮನೆಯಿಂದಲೇ ಬಳಿಯಲು ಶುರುಮಾಡಿದಳು.